ಯಂತ್ರದ ಓದಿಗೂ ಬೇಕು ಸೂತ್ರ, ವೃತ್ತಿ, ಪ್ರಯೋಗ

ಗೌರಿಬಿದನೂರು ಎರಡು ಬಗೆಯ ಸಂಶೋಧನೆಗೆ ವಸ್ತು ಒದಗಿಸಿದ ನೆಲ. ಅಲ್ಲಿನ ರೇಡಿಯೊ ದೂರದರ್ಶಕವನ್ನು ಆಧರಿಸಿ 1970ರ ದಶಕದಿಂದೀಚೆಗೆ ಪ್ರಕಟವಾದ ಖಗೋಳ ಪ್ರಬಂಧಗಳು ಇಂಗ್ಲಿಷಿನಲ್ಲಿವೆ. ಅದೇ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಅವುಗಳನ್ನು ಕುರಿತು ಕನ್ನಡದಲ್ಲಿಯೂ ಲೇಖನಗಳು ಬಂದಿವೆ. ಬಳಕೆದಾರನ ಪರವಾಗಿ ಪ್ರಬಂಧಗಳನ್ನು ಹುಡುಕಿ, ಓದಿ, ಸಾರ ಹೇಳುವ ಕೃತಕ ಬುದ್ಧಿಮತ್ತೆಯ ಏಜೆಂಟುಗಳು ಮೊದಲನೆಯದನ್ನು ಬಹುಮಟ್ಟಿಗೆ ಸಲೀಸಾಗಿ ಓದುತ್ತವೆ. ಎರಡನೆಯದರಲ್ಲಿ ಸುಲಭವಾಗಿ ಎಡವುತ್ತವೆ. ಎಡವಿದ ಸಂಗತಿ ಸಂಶೋಧನ ವಿದ್ಯಾರ್ಥಿಗೆ ತಿಳಿಯದೆ ಹೋಗುವುದು ಇನ್ನೂ ದೊಡ್ಡ ಅಪಾಯ.

ಏಜೆಂಟು ತಾನೇ ಪಿಡಿಎಫ್ ಕಡತವನ್ನು ಬಿಡಿಸುವುದು ಅಪರೂಪ. ಅದಕ್ಕಾಗಿ ಬೇರೆ ಉಪಕರಣಗಳಿವೆ. ‘ಗ್ರೋಬಿಡ್’ ಎಂಬ ಮುಕ್ತ ತಂತ್ರಾಂಶವು ಪ್ರಬಂಧದ ಶೀರ್ಷಿಕೆ, ಲೇಖಕ, ಸಾರಾಂಶ, ಉಲ್ಲೇಖಗಳನ್ನು ಬೇರ್ಪಡಿಸಿಕೊಡುತ್ತದೆ. ‘ಟೆಸೆರಾಕ್ಟ್’ ಚಿತ್ರರೂಪದ ಪುಟದಿಂದ ಅಕ್ಷರಗಳನ್ನು ಗುರುತಿಸುತ್ತದೆ. 2024ರಲ್ಲಿ ಬಂದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ನಂತಹ ವ್ಯವಸ್ಥೆಯಲ್ಲಿ ಪ್ರತಿ ಉಪಕರಣಕ್ಕೂ ಒಂದು ಹೆಸರು, ಒಂದು ವಿವರಣೆ, ಅದು ಸ್ವೀಕರಿಸುವ ಮಾಹಿತಿಯ ಸ್ವರೂಪ ಇರುತ್ತವೆ. ಯಾವ ಉಪಕರಣವನ್ನು ಯಾವಾಗ ಬಳಸಬೇಕೆಂದು ಏಜೆಂಟು ನಿರ್ಧರಿಸುವುದು ಮುಖ್ಯವಾಗಿ ಈ ವಿವರಣೆಯನ್ನು ಓದಿಯೇ. ಆದ್ದರಿಂದ ದಾಖಲೆ ಇಲ್ಲಿ ಮನುಷ್ಯರಿಗೆ ಬರೆದ ಕೈಪಿಡಿಯಷ್ಟೇ ಆಗಿ ಉಳಿಯದೆ ಉಪಕರಣದ ಒಂದು ಅಂಗವೇ ಆಗಿದೆ. ‘ಪಿಡಿಎಫ್ ಓದುತ್ತದೆ’ ಎಂಬ ಒಂದೇ ಸಾಲು ಕನ್ನಡದ ಮಟ್ಟಿಗೆ ಅರ್ಧಸತ್ಯ.

ಯೂನಿಕೋಡ್ ಬಳಕೆಗೆ ಮುನ್ನ ಸಿದ್ಧವಾದ ನುಡಿ, ಬರಹ ಅಕ್ಷರಶೈಲಿಯ ಕಡತಗಳನ್ನು ನೋಡಬಹುದು. ಅವುಗಳಲ್ಲಿ ಕನ್ನಡ ಅಕ್ಷರದ ಆಕಾರಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿವೆ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಯಂತ್ರ ಹೊರತೆಗೆದಾಗ ಸಿಗುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಇಂತಹ ಕಡತವನ್ನು ಮೊದಲು ಪರಿವರ್ತಿಸಬೇಕು, ಪರಿವರ್ತಿಸಲಾಗದಿದ್ದರೆ ‘ಓದಲಾಗಲಿಲ್ಲ’ ಎಂದು ಹೇಳಬೇಕು ಎಂಬ ಸೂಚನೆ ದಾಖಲೆಯಲ್ಲಿ ಇಲ್ಲದಿದ್ದರೆ ಏಜೆಂಟು ಊಹೆಗೆ ಇಳಿಯುತ್ತದೆ. ಊಹೆ ಸಾರಾಂಶದ ವೇಷ ತೊಟ್ಟು ವಿದ್ಯಾರ್ಥಿಯ ಪ್ರಬಂಧವನ್ನು ಸೇರುತ್ತದೆ.

ಲಿಪಿಯ ತೊಡಕು ಕಳೆದರೂ ವಿಷಯಜ್ಞಾನದ ತೊಡಕು ಉಳಿಯುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇವೆಲ್ಲವೂ ರೈಸ್ ಅವರ ಸಂಪುಟದಲ್ಲಿ ಕೋಲಾರ ಜಿಲ್ಲೆಯ ತಾಲ್ಲೂಕುಗಳು; ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಇಂದಿನ ಜಿಲ್ಲೆಯ ಹೆಸರು ಹಿಡಿದು ಹುಡುಕುವ ಏಜೆಂಟಿಗೆ ಹಳೆಯ ಬರಹಗಳು ಕಾಣದೆ ಹೋಗಬಹುದು. ‘ಚಿಂತಾಮಣಿ’ ಎಂಬ ಪದದ ಮುಂದಿನ ಸಂಖ್ಯೆ ಶಾಸನದ ಕ್ರಮಾಂಕವೆಂದು ವಿದ್ವಾಂಸರಿಗೆ ಗೊತ್ತು. ಯಂತ್ರ ಅದನ್ನು ಪುಟಸಂಖ್ಯೆ ಎಂದುಕೊಳ್ಳಬಹುದು. ಈ ಸೀಮೆಯ ಶಾಸನಗಳಲ್ಲಿ ಕನ್ನಡದೊಡನೆ ತೆಲುಗು, ತಮಿಳು, ಸಂಸ್ಕೃತಗಳೂ ಇವೆ. ಕಾಲನಿರ್ಣಯದಲ್ಲಂತೂ ಸಣ್ಣ ತಪ್ಪೂ ದೊಡ್ಡದು. ಶಕ 728 ಎಂದರೆ ಸ್ಥೂಲವಾಗಿ ಕ್ರಿ.ಶ. 806, ರಾಷ್ಟ್ರಕೂಟ ಮೂರನೆಯ ಗೋವಿಂದನ ಆಳ್ವಿಕೆಯ ಕಾಲ. ಅದನ್ನೇ ಕ್ರಿ.ಶ. 728 ಎಂದು ಓದಿದರೆ ರಾಷ್ಟ್ರಕೂಟ ಸಾಮ್ರಾಜ್ಯ ತಲೆಯೆತ್ತುವುದಕ್ಕೂ ಹಿಂದಿನ ಕಾಲಕ್ಕೆ ಶಾಸನ ಜಾರುತ್ತದೆ.

ಒಳ್ಳೆಯ ದಾಖಲೆ ಹೇಗಿರಬೇಕೆಂಬುದಕ್ಕೆ ಕನ್ನಡದಲ್ಲಿಯೇ ಹಳೆಯ ಮಾದರಿಯಿದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ನಿಯಮವನ್ನು ಸೂತ್ರವಾಗಿ ಹೇಳಿ, ವೃತ್ತಿಯಲ್ಲಿ ಬಿಡಿಸಿ, ಪೂರ್ವಕವಿಗಳ ಪ್ರಯೋಗಗಳಿಂದ ಸ್ಥಾಪಿಸುತ್ತಾನೆ. ಉಪಕರಣದ ದಾಖಲೆಗೂ ಈ ಮೂರೇ ಸಾಕು: ಅದು ಏನು ಮಾಡುತ್ತದೆ ಎಂಬ ಸೂತ್ರ, ಯಾವ ಲಿಪಿ, ಯಾವ ಅಕ್ಷರಶೈಲಿ, ಯಾವ ಮಿತಿ ಎಂಬ ವೃತ್ತಿ, ನಿಜವಾದ ಪುಟವೊಂದನ್ನು ಕೊಟ್ಟಾಗ ಬಂದ ಸರಿ ಮತ್ತು ತಪ್ಪು ಫಲಿತಗಳ ಪ್ರಯೋಗ.

ಇದು ಎಂಜಿನಿಯರುಗಳ ಕೆಲಸ ಎಂಬ ಆಕ್ಷೇಪ ಸಹಜ. ಉಪಕರಣ ಕಟ್ಟುವುದು ಅವರ ಕೆಲಸವೇ ಸರಿ. ಆದರೆ ಱ, ೞ ಅಕ್ಷರಗಳು ರ, ಳ ಆಗಿಬಿಟ್ಟರೆ ಹಳಗನ್ನಡದ ಪಾಠಕ್ಕೆ ಏನು ನಷ್ಟವೆಂದು ಹೇಳಬಲ್ಲವರು ಕನ್ನಡ ವಿಭಾಗದವರು. ಮೊದಲು ಎಲ್ಲವೂ ಡಿಜಿಟಲೀಕರಣಗೊಳ್ಳಲಿ, ದಾಖಲೆ ಆಮೇಲೆ ಎಂಬ ವಾದವೂ ನಿಲ್ಲದು. ಅಷ್ಟರೊಳಗೆ ತಪ್ಪು ಸಾರಾಂಶಗಳೇ ಆಕರಗಳಾಗಿ ಹರಡಿರುತ್ತವೆ.

ಈ ನಾಲ್ಕು ಊರುಗಳ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ತಾಲ್ಲೂಕಿನ ಶಾಸನಗಳ ಕೆಲವು ಪುಟಗಳನ್ನು ಆರಿಸಿ, ಉಪಕರಣಗಳಿಂದ ಓದಿಸಿ, ಫಲಿತಾಂಶವನ್ನು ಮೂಲದೊಡನೆ ಹೋಲಿಸಿ ಬರೆದಿಡಬಹುದು. ಪಾಠಾಂತರ ಗುರುತಿಸುವ ಗ್ರಂಥಸಂಪಾದನೆಯ ಶಿಸ್ತು ಬಲ್ಲವರಿಗೆ ಇದು ಹೊಸ ವಿದ್ಯೆಯೇನಲ್ಲ. ಯಂತ್ರ ಎಲ್ಲಿಯವರೆಗೆ ಓದಬಲ್ಲದು ಎಂಬುದನ್ನು ಬರೆದಿಟ್ಟ ದಿನವೇ ಅದರ ಓದನ್ನು ಆಕರವಾಗಿ ಬಳಸುವ ಅರ್ಹತೆ ಸಂಶೋಧಕನಿಗೆ ಬರುತ್ತದೆ.