ಕಾಶಿಗೆ ಬಂದವರು ನೋವು ತಿಂದೇ ಸಾಯಬೇಕೆಂದಿಲ್ಲ

ವಿಶ್ವನಾಥ ಗಲ್ಲಿ, ಜಂಗಮವಾಡಿ, ಹನುಮಾನ್ ಘಾಟ್ ಸುತ್ತಲಿನ ಕನ್ನಡದ ಮನೆಗಳಿಗೂ, ಊರಿನಿಂದ ಕಾಯಿಲೆಯವರನ್ನು ಕರೆತರುವವರಿಗೂ



“ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ.” ಕ್ಯಾನ್ಸರ್ ಕೈಮೀರಿದ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಕೇಳಿದ ಮೇಲೆ ಕೆಲವರು ಊರಲ್ಲೇ ಉಳಿಯುತ್ತಾರೆ, ಕೆಲವರು ಅಪ್ಪನ ಕೊನೆಯ ಆಸೆ ಎಂದು ಕಾಶಿಗೆ ಟಿಕೆಟ್ ತೆಗೆಸುತ್ತಾರೆ. ಆ ಆಸೆಯ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಆಸ್ಪತ್ರೆಯ ಆ ಮಾತಿನ ಬಗ್ಗೆ. ಅದರಲ್ಲಿ ಅರ್ಧ ಮಾತ್ರ ನಿಜ. ಗಡ್ಡೆ ಕರಗಿಸಲು ಆಗದಿರಬಹುದು. ಆದರೆ ನೋವು, ವಾಂತಿ, ಉಬ್ಬಸ, ಮಲಬದ್ಧತೆ, ಹುಣ್ಣಿನ ವಾಸನೆ, ನಿದ್ರೆಗೇಡು, ಹೆದರಿಕೆ, ಇವಕ್ಕೆಲ್ಲ ಉಪಾಯಗಳಿವೆ. ಅವುಗಳಲ್ಲಿ ಬಹುಪಾಲನ್ನು ಮನೆಯ ಮಂಚದ ಮೇಲೆಯೇ ಮಾಡಬಹುದು. ಇದಕ್ಕೆ ಉಪಶಾಮಕ ಆರೈಕೆ, ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಇದನ್ನು ಕೇಳಿ ಪಡೆಯಿರಿ, ಮತ್ತು ಈ ಊರಿನ ಆಸ್ಪತ್ರೆಗಳೂ ಮಠಗಳೂ ಇದನ್ನು ಗಲ್ಲಿಯೊಳಕ್ಕೆ ತರಬೇಕು ಎನ್ನುವುದೇ ಈ ಕರಪತ್ರದ ಬೇಡಿಕೆ.

ವಿಶ್ವನಾಥ ಗಲ್ಲಿಯನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬಳೆ, ರುದ್ರಾಕ್ಷಿ, ಕುಂಕುಮ, ಹಿತ್ತಾಳೆ ಪಾತ್ರೆಗಳ ಅಂಗಡಿಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಧಾಮದಿಂದ ಗಂಗೆಯ ಕಡೆಗೆ ವಿಶಾಲ ದಾರಿ ತೆರೆಯಿತು, ನಿಜ. ಆದರೆ ಅಂಗಡಿಗಳ ಹಿಂದಿನ ಮನೆಗಳ ಕಡಿದಾದ ಮೆಟ್ಟಿಲುಗಳು ಇದ್ದ ಹಾಗೇ ಇವೆ. ಆಂಬುಲೆನ್ಸ್ ಬಂದರೆ ಗೋದೌಲಿಯಾ ಅಥವಾ ಚೌಕ್ ತನಕ. ಅಲ್ಲಿಂದ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊರಬೇಕು. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದವರಿಗೆ ಪ್ರತಿ ಮೆಟ್ಟಿಲೂ ಒಂದು ಶಿಕ್ಷೆ. ಶ್ರಾವಣದ ಸೋಮವಾರಗಳಲ್ಲಿ, ಶಿವರಾತ್ರಿಯಲ್ಲಿ ಅದೂ ಆಗದ ಮಾತು. ರೋಗಿ ಆಸ್ಪತ್ರೆಗೆ ಹೋಗುವುದು ಇಷ್ಟು ಕಷ್ಟವಿರುವಲ್ಲಿ ನರ್ಸ್ ಒಂದು ಚೀಲ ಹಿಡಿದು ನಡೆದು ಬರುವುದು ಎಷ್ಟೋ ಸುಲಭ. ಮನೆ ಆರೈಕೆಗೆ ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ ಎಂದೇ ನಮಗೆ ಅನ್ನಿಸುತ್ತದೆ.

ಆ ನರ್ಸ್ ಬಂದು ಏನು ಮಾಡುತ್ತಾರೆ? ಮೊದಲು ಕೂತು ಕೇಳುತ್ತಾರೆ: ಎಲ್ಲಿ ನೋವು, ಯಾವ ಹೊತ್ತಿಗೆ, ಎಂಥ ನೋವು. ಕುಟುಕುವ ನೋವೇ, ಉರಿಯೇ, ಸೆಳೆತವೇ, ಶಾಕ್ ಹೊಡೆದಂತೆಯೇ ಎಂಬುದರ ಮೇಲೆ ಔಷಧಿ ಬದಲಾಗುತ್ತದೆ. ನರ ಒತ್ತಿ ಬರುವ ಉರಿನೋವಿಗೆ ಬೇರೆ ಮಾತ್ರೆ, ಮೂಳೆನೋವಿಗೆ ಬೇರೆ. ಹಿಂದಿ ಬಾರದ ನಮ್ಮ ಅಜ್ಜಿ “ಜಗ್ಗಿದಂಗೆ ಆಗ್ತದೆ” ಎಂದರೆ ಅದನ್ನು ತಿಳಿದು ಹೇಳಬಲ್ಲ ಒಬ್ಬ ಕನ್ನಡಿಗ ಪಕ್ಕದಲ್ಲಿರಬೇಕಾದದ್ದು ಇದಕ್ಕೇ. ಆಮೇಲೆ ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂಗಿನ ಕೊಳವೆಯಲ್ಲಿ ಆಹಾರ ಕೊಡುವುದು, ಮೂತ್ರದ ಚೀಲ ಖಾಲಿ ಮಾಡುವುದು, ಇವನ್ನು ಸೊಸೆಗೂ ಮಗನಿಗೂ ಕೈಹಿಡಿದು ಕಲಿಸುತ್ತಾರೆ. (ಮಗನಿಗೂ ಎಂದು ಬೇಕೆಂದೇ ಬರೆದಿದ್ದೇವೆ.) ಪಾನ್, ಗುಟ್ಕಾದ ಈ ಸೀಮೆಯಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು. ಕೆನ್ನೆ ತೂತಾಗಿ ಕೀವು ಸೋರುವಾಗ ವಾಸನೆಗೆ ಮೊಮ್ಮಕ್ಕಳೂ ಹತ್ತಿರ ಬರುವುದಿಲ್ಲ. ಹುಣ್ಣು ತೊಳೆದು ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಉದುರಿಸಿದರೆ ಆ ವಾಸನೆ ಬಹಳಷ್ಟು ಇಳಿಯುತ್ತದೆ. ಅಗ್ಗದ ಮಾತ್ರೆ. ಅದು ಗೊತ್ತಿಲ್ಲದ್ದರಿಂದ ಎಷ್ಟು ಜನ ಒಂಟಿ ಕೋಣೆಯಲ್ಲಿ ಹೋಗಿಬಿಟ್ಟರೋ.

ಈಗ ಮಾರ್ಫಿನ್ ವಿಷಯ. ಇಲ್ಲಿಂದ ಗಂಗೆಯ ಹರಿವಿನ ಜೊತೆ ಕೆಳಗೆ ಹೋದರೆ ಗಾಜೀಪುರ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1820ರಲ್ಲಿ, ಶುರುವಾದ ಅಫೀಮಿನ ಕಾರ್ಖಾನೆ ಈಗ ಭಾರತ ಸರ್ಕಾರದ್ದು. ಪರವಾನಗಿ ಪಡೆದ ರೈತರು ಬೆಳೆದ ಅಫೀಮು ಅಲ್ಲಿಗೆ ಬರುತ್ತದೆ, ಅದರಿಂದ ಮಾರ್ಫಿನ್ ತೆಗೆಯುತ್ತಾರೆ. ಅಂದರೆ ಲೋಕದ ನೋವಿಗೆ ಮದ್ದು ತಯಾರಾಗುವುದು ನಮ್ಮ ಪಕ್ಕದ ಜಿಲ್ಲೆಯಲ್ಲಿ. ಅದೇ ಮದ್ದು ಗಲ್ಲಿಯ ಮೂರನೇ ಮಹಡಿಗೆ ತಲುಪುವುದಿಲ್ಲ. ಇದರ ಮೂಲ 1985ರ ಮಾದಕ ವಸ್ತು ಕಾಯ್ದೆ. ಅದರ ಪ್ರಕಾರ ಮೊದಲು ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಇಲಾಖೆಗಳ ಲೈಸೆನ್ಸಿಗೆ ಅಲೆಯಬೇಕಿತ್ತು, ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಬಹಳ ಆಸ್ಪತ್ರೆಗಳು ಅದರ ಗೊಡವೆಯನ್ನೇ ಬಿಟ್ಟವು. 2014ರ ತಿದ್ದುಪಡಿಯ ನಂತರ ರಾಜ್ಯದ ಔಷಧ ನಿಯಂತ್ರಕರೊಬ್ಬರ ಮಾನ್ಯತೆ ಸಾಕು. ಕಾನೂನು ಸಡಿಲವಾಗಿ ಇಷ್ಟು ವರ್ಷವಾದರೂ ಹೆದರಿಕೆ ಸಡಿಲವಾಗಿಲ್ಲ.

ಹೆದರಿಕೆ ಮನೆಯವರಲ್ಲೂ ಇದೆ. ಚಟ ಹತ್ತುತ್ತದೆ ಎನ್ನುತ್ತಾರೆ. ಕ್ಯಾನ್ಸರ್ ನೋವಿಗೆ ವೈದ್ಯರು ಅಳೆದು ಕೊಟ್ಟ ಮಾರ್ಫಿನ್‌ನಿಂದ ಚಟ ಹತ್ತುವುದು ಅಪರೂಪ. ಬೇಗ ಸಾಯುತ್ತಾರೆ ಎನ್ನುತ್ತಾರೆ. ಸರಿಯಾದ ಪ್ರಮಾಣದಲ್ಲಿ ಶುರುಮಾಡಿ ನಿಧಾನವಾಗಿ ಏರಿಸಿದರೆ ಅದು ಸಾವನ್ನು ಹತ್ತಿರ ಎಳೆಯುವುದಿಲ್ಲ. ಮೊದಲ ಕೆಲವು ದಿನ ಮಂಪರು ಇರುತ್ತದೆ, ಬಳಿಕ ಇಳಿಯುತ್ತದೆ. ಹೋಗದೆ ಉಳಿಯುವ ಮುಖ್ಯ ತೊಂದರೆ ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಔಷಧಿ ಜೊತೆಗೆ ಬೇಕು. ಸಾಮಾನ್ಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. ನೋವು ಬರಲಿ ಎಂದು ಕಾಯಬಾರದು.

ಇನ್ನೊಂದು ಮಾತು ಈ ಊರಲ್ಲಿ ಹೆಚ್ಚು ಕೇಳುತ್ತದೆ: ಕರ್ಮ, ಅನುಭವಿಸಿಯೇ ತೀರಬೇಕು. ಹಲ್ಲುನೋವಿಗೆ ಲವಂಗ ಇಟ್ಟುಕೊಳ್ಳುವಾಗ ಯಾರೂ ಕರ್ಮದ ಲೆಕ್ಕ ತೆಗೆಯುವುದಿಲ್ಲ. ಕಾಶಿಯಲ್ಲಿ ಪ್ರಾಣ ಹೋಗುವ ಹೊತ್ತಿಗೆ ಸಾಕ್ಷಾತ್ ವಿಶ್ವನಾಥನೇ ಬಲಗಿವಿಯಲ್ಲಿ ತಾರಕ ಮಂತ್ರ ಹೇಳುತ್ತಾನೆಂದು ನಮ್ಮವರ ನಂಬಿಕೆ. ಹಲ್ಲು ಕಚ್ಚಿ ನರಳುತ್ತಿರುವವರಿಗೆ ಪಕ್ಕದಲ್ಲಿ ಕೂತ ಮಗಳ ಮಾತೇ ಕೇಳುವುದಿಲ್ಲ, ಮಂತ್ರ ಕೇಳೀತೇ? ನೋವಿಳಿದವರು ಹೆಸರು ಹಿಡಿದು ಕರೆಯುತ್ತಾರೆ, ಲೆಕ್ಕಾಚಾರ ಹೇಳುತ್ತಾರೆ, ಜಗಳವಾಡಿದ ತಮ್ಮನಿಗೆ ಫೋನ್ ಮಾಡಿಸುತ್ತಾರೆ. ಸಾಯುವವರಿಗೆ ಇಷ್ಟಾದರೂ ಬಿಡುವು ಬೇಡವೇ?

ಗೋದೌಲಿಯಾ ಸಮೀಪದ ಮುಕ್ತಿ ಭವನದ ಹೆಸರು ಕೇಳಿಯೇ ಬರುವವರಿದ್ದಾರೆ. ಅಲ್ಲಿ ಪಾರಾಯಣ, ಭಜನೆ, ಆರತಿ, ಗಂಗಾಜಲ ಎಲ್ಲ ಇದೆ, ಶ್ರದ್ಧೆಯಿಂದ ನಡೆಯುತ್ತದೆ. ಆದರೆ ಅದು ಆಸ್ಪತ್ರೆಯಲ್ಲ, ಮತ್ತು ತಂಗಲು ಸಾಮಾನ್ಯವಾಗಿ ಕೊಡುವುದು ಎರಡು ವಾರ. ಕ್ಯಾನ್ಸರ್ ಎರಡು ವಾರದ ಲೆಕ್ಕಕ್ಕೆ ಸಿಗುವ ಕಾಯಿಲೆಯಲ್ಲ. ಇವತ್ತೋ ನಾಳೆಯೋ ಎಂದುಕೊಂಡವರು ಮೂರು ತಿಂಗಳು ಇರುತ್ತಾರೆ. ಆ ಮೂರು ತಿಂಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಇದೆಲ್ಲ ಆಗುವ ಮಾತೇ ಎನ್ನುವವರು ದಕ್ಷಿಣಕ್ಕೆ ನೋಡಲಿ. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಮಾರತ್ತಹಳ್ಳಿಯ ಕಡೆ ಕರುಣಾಶ್ರಯ ನಡೆಸುತ್ತಿದೆ. ವಾಸಿಯಾಗದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಾಸಿಗೆಯೂ ಉಚಿತ, ನಗರದೊಳಗೆ ಮನೆಗೆ ಬಂದು ನೋಡುವುದೂ ಉಚಿತ. ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತಿತರರು ಆರಂಭಿಸಿದ ಕೆಲಸ ಊರೂರಿಗೆ ಹಬ್ಬಿ, 2008ರಲ್ಲಿ ರಾಜ್ಯದ ನೀತಿಯೇ ಆಯಿತು. ಅಲ್ಲಿ ಮನೆಮನೆಗೆ ಹೋಗುವವರಲ್ಲಿ ಬಸ್ ಡ್ರೈವರ್, ಟೀಚರ್, ಕಿರಾಣಿ ಅಂಗಡಿಯವರಂಥ ಅಕ್ಕಪಕ್ಕದವರೇ ಹೆಚ್ಚು. ನಮ್ಮ ಗಲ್ಲಿಯಲ್ಲೂ ಅಂಗಡಿಯವರಿಗೇನು ಕೊರತೆಯಿಲ್ಲ.

ಊರಿನಿಂದ ಹೊರಡುವವರಿಗೆ: ಎರಡು ದಿನದ ರೈಲು ಪ್ರಯಾಣ ತಾಳಿಕೊಳ್ಳಲು ಆಗುತ್ತದೆಯೇ ಎಂದು ಮೊದಲು ರೋಗಿಯನ್ನೇ ಕೇಳಿ. ಹಲವು ಮನೆಗಳಲ್ಲಿ ಕಾಯಿಲೆ ಏನೆಂದು ಅವರಿಗೇ ಹೇಳಿರುವುದಿಲ್ಲ, ಕೊನೆಯ ಆಸೆ ಮಾತ್ರ ಅವರ ಹೆಸರಿನಲ್ಲಿರುತ್ತದೆ. ಕಾಶಿಯಲ್ಲೇ ಬಾಳಿದ ಕಬೀರ ಕೊನೆಗಾಲಕ್ಕೆ ಈ ಊರು ಬಿಟ್ಟು ಮಗಹರ್‌ಗೆ ನಡೆದನಂತೆ. ಹಾವೇರಿಯ ಮನೆಯ ಪಡಸಾಲೆಯಲ್ಲಿ ನೆಮ್ಮದಿಯಾಗಿ ಹೋಗುವುದೂ ಹೋಗುವುದೇ. ಬರುವುದೇ ಆದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಆಗಲಿ, ನೀವು ತೋರಿಸುತ್ತಿರುವ ಬೇರೆ ಆಸ್ಪತ್ರೆಯಾಗಲಿ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿ, ಮಾರ್ಫಿನ್ ಚೀಟಿ, ವೈದ್ಯರ ಪತ್ರ, ದಾರಿಗೂ ಮೊದಲ ದಿನಗಳಿಗೂ ಆಗುವಷ್ಟು ಮಾತ್ರೆ ಇಲ್ಲದೆ ಹೊರಡಬೇಡಿ. ಕೋಣೆ ನೆಲಮಹಡಿಯಲ್ಲೇ ಹಿಡಿಯಿರಿ. ವೆಂಟಿಲೇಟರ್ ಬೇಡವೆಂದು ರೋಗಿಗೆ ಅನಿಸಿದರೆ ಅದನ್ನು ಬರೆದಿಡಬಹುದು. ಇದಕ್ಕೆ ಅವಕಾಶ ಕೊಟ್ಟ ತನ್ನ 2018ರ ತೀರ್ಪನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಸರಳಗೊಳಿಸಿದೆ: ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು.

ಕೊನೆಯ ದಿನಗಳಲ್ಲಿ ಊಟ ಸೇರುವುದಿಲ್ಲ. ಒತ್ತಾಯದಿಂದ ಗಂಜಿ ಕುಡಿಸಬೇಡಿ. ಡ್ರಿಪ್ ಹಾಕಿಸಿದರೆ ಬಲ ಬರುವುದಿಲ್ಲ, ಕೆಲವೊಮ್ಮೆ ಕೈಕಾಲು ಊದಿ ಗಂಟಲ ಗೊರಗೊರ ಹೆಚ್ಚುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಚಮಚದಲ್ಲಿ ಗಂಗೆ ಸುರಿದರೆ ಉಸಿರಿನ ಕೊಳವೆಗೆ ಹೋದೀತು. ಹತ್ತಿ ಅದ್ದಿ ತುಟಿ ಒದ್ದೆ ಮಾಡಿ. ನರ್ಸ್ ಹೇಳುವುದೂ ಇದನ್ನೇ, ಪುರೋಹಿತರ ಅಡ್ಡಿಯೂ ಇಲ್ಲ.

ಲಹರ್‌ತಾರಾದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದ ಮಹಾಮನ ಮದನ ಮೋಹನ ಮಾಲವೀಯ ಕ್ಯಾನ್ಸರ್ ಕೇಂದ್ರ ಎರಡೂ ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದವು. ಅಲ್ಲಿ ಉಪಶಾಮಕ ಚಿಕಿತ್ಸೆಯ ವಿಭಾಗವನ್ನು ಕೇಳಿಕೊಂಡು ಹೋಗಿ. ರೋಗಿ ಏಳಲಾರದಿದ್ದರೆ ಮನೆಯವರೊಬ್ಬರು ಕಾಗದಪತ್ರ ಹಿಡಿದು ಹೋಗಿ ಎರಡು ಪ್ರಶ್ನೆ ಕೇಳಿ: ಮಾರ್ಫಿನ್ ಎಷ್ಟು ದಿನದ್ದು ಕೊಡುತ್ತೀರಿ, ನಮ್ಮ ಗಲ್ಲಿಗೆ ಯಾರನ್ನು ಕಳುಹಿಸುತ್ತೀರಿ. ಇಲ್ಲ ಎಂದರೆ ಆ ಇಲ್ಲವನ್ನು ಬರೆದು ಕೊಡುವಂತೆ ಕೇಳಿ. ಮಠ, ಛತ್ರಗಳ ಹಿರಿಯರಲ್ಲಿ ನಮ್ಮ ಬಿನ್ನಹ: ನೆಲಮಹಡಿಯ ಒಂದು ಕೋಣೆಯನ್ನು ಇಂಥವರಿಗೆಂದು ಬಿಡಿ, ನರ್ಸ್ ಜೊತೆ ಬರಲು ಕನ್ನಡ ಹಿಂದಿ ಎರಡೂ ಬಲ್ಲ ಹುಡುಗರನ್ನು ಗೊತ್ತುಮಾಡಿ.

ಈ ಕರಪತ್ರವನ್ನು ಗೋಡೆಗೆ ಅಂಟಿಸಬೇಡಿ. ಮನೆಯಲ್ಲಿ ರೋಗಿ ಇರುವವರ ಕೈಗೆ ಕೊಡಿ.

ಗಲ್ಲಿಯ ಸುತ್ತಲಿನ ಕೆಲವು ಕನ್ನಡಿಗರು, ವಾರಾಣಸಿ