‘ಗಣಿತದ ತಲೆ’ ಎಂಬ ಆತುರದ ತೀರ್ಪು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳಿಗೆ ‘ಗಣಿತದ ತಲೆಯೇ ಇಲ್ಲ’ ಎಂದು ಲೇಖಕರೊಬ್ಬರು ಷರಾ ಬರೆದಿದ್ದಾರೆ. ಆದರೆ ಲೆಕ್ಕದ ಚಳಕಕ್ಕೆ ಹುಟ್ಟಿನ ‘ತಲೆ’ಯೊಂದೇ ಕಾರಣವೆನ್ನಲಾಗದು. 1980ರಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಬೆಂಗಳೂರಿನ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್, ಸರಳ ಪರೀಕ್ಷೆಗಳಲ್ಲಿ ಅವರ ವೇಗ ಸಾಮಾನ್ಯರದ್ದೇ ಎಂದು 1990ರಲ್ಲಿ ವರದಿ ಮಾಡಿದರು. ಬುದ್ಧಿ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ ಎನ್ನುತ್ತಿದ್ದವರೂ ಇದೇ ಜೆನ್ಸನ್! ಇನ್ನು ಭಾಷೆಯೂ ಅಡ್ಡ ಬರುತ್ತದೆ: ತರ್ಕಿಸುವಾಗ ಮನಸ್ಸು ಒಮ್ಮೆಗೆ ಹಿಡಿದಿಡುವುದು ನಾಲ್ಕಾರು ಸಂಗತಿಗಳನ್ನಷ್ಟೇ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವರು ಇಂಗ್ಲಿಷಿನಲ್ಲಿ ಕಲನಶಾಸ್ತ್ರ ಓದುವಾಗ ಆ ಕಿರುಜಾಗದ ಒಂದಷ್ಟನ್ನು ವಾಕ್ಯ ಬಿಡಿಸುವ ಕೆಲಸವೇ ನುಂಗುತ್ತದೆ. ಸಾಮರ್ಥ್ಯದಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ. ತಾಲ್ಲೂಕಿನ ಗಡಿ ನೋಡಿ ಅದು ಹಂಚಿಕೆಯಾದದ್ದಲ್ಲ. ಭಾಷೆಯ ತೊಡಕನ್ನೂ ತರ್ಕದ ಕೊರತೆಯನ್ನೂ ಪರೀಕ್ಷೆಯ ಅಂಕ ಬೇರ್ಪಡಿಸಿ ತೋರಿಸದು. ಅದೇ ಲೆಕ್ಕವನ್ನು ಕನ್ನಡದಲ್ಲೂ ಕೊಟ್ಟು ನೋಡಿದ ಮೇಲೆ ಲೇಖಕರು ತಲೆಯ ಮಾತೆತ್ತಲಿ.