ತಬ್ಬಲಿ ಮಗು ಬೇಕು, ತಾಯಿ ಬೇಡ: ಹತ್ತು ದಿನದ ‘ಸೇವೆ’ಯ ಲೆಕ್ಕ

ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ಮೇಲ್ ಕಳಿಸಿದ್ದರು. ಅವರು, ಅವರ ಹೆಂಡತಿ, ಹೈಸ್ಕೂಲ್ ಓದುವ ಇಬ್ಬರು ಮಕ್ಕಳು ಚರ್ಚ್ ತಂಡದ ಜೊತೆ ಹತ್ತು ದಿನ ಕಾಂಬೋಡಿಯಾದ ಅನಾಥಾಲಯವೊಂದಕ್ಕೆ ಹೋಗ್ತಿದ್ದಾರಂತೆ. ಗೋಡೆಗೆ ಬಣ್ಣ ಹೊಡೆಯೋದು, ಇಂಗ್ಲಿಷ್ ಹೇಳಿಕೊಡೋದು, ಹಾಡು, ಆಟ, ಬೈಬಲ್ ಕಥೆ. ತಲೆಗೆ ಮೂರು ಸಾವಿರ ಡಾಲರ್ ಖರ್ಚು, ಕೈಲಾದಷ್ಟು ಕೊಡಿ ಅಂತ ಕೇಳಿದ್ದರು.

ಅವರು ಒಳ್ಳೆಯ ಮನುಷ್ಯ. ಲಾಕ್‌ಡೌನ್‌ನಲ್ಲಿ ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ಕೇಳದೇ ಹಣ ಕಳಿಸಿದವರು. ಆದರೂ ನಾನು ದೇಣಿಗೆ ಕಳಿಸಲಿಲ್ಲ. ಯಾಕೆ ಅಂತ ಅವರಿಗೆ ಬರೆದದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೀತಿದ್ದೇನೆ.

ಅನಾಥರು ಕಡಿಮೆ, ಅನಾಥಾಲಯ ಜಾಸ್ತಿ

ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇ. 75ರಷ್ಟು ಹೆಚ್ಚಿತು. ಆಗ ಅಲ್ಲಿ ಯುದ್ಧವೂ ಇರಲಿಲ್ಲ, ಬರಗಾಲವೂ ಇರಲಿಲ್ಲ. ಹೆಚ್ಚಿದ್ದು ಪ್ರವಾಸಿಗರು ಮತ್ತು ವಿದೇಶಿ ದೇಣಿಗೆ. ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ ಲೆಕ್ಕ ಹಾಕಿ ನೋಡಿದಾಗ, ಈ ಸಂಸ್ಥೆಗಳಲ್ಲಿದ್ದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದರು.

ಹಾಗಾದರೆ ಮಕ್ಕಳು ಅಲ್ಲಿಗೆ ಬಂದಿದ್ದು ಹೇಗೆ? ಊರಿಗೆ ಒಬ್ಬ ಬರ್ತಾನೆ. ‘ಮಗೂನ ಕಳಿಸಿ, ಇಂಗ್ಲಿಷ್ ಕಲಿಸ್ತೀವಿ, ಮೂರು ಹೊತ್ತು ಊಟ ಹಾಕ್ತೀವಿ’ ಅಂತಾನೆ. ಬಡ ತಾಯಿ ಅದನ್ನು ಹಾಸ್ಟೆಲ್ ಅಂತ ನಂಬುತ್ತಾಳೆ. ಪಟ್ಟಣ ಸೇರಿದ ಮೇಲೆ ಅದೇ ಮಗು ‘ಅನಾಥ’ ಆಗುತ್ತೆ, ಯಾಕಂದ್ರೆ ದೇಣಿಗೆ ಬರೋದು ಆ ಪದಕ್ಕೆ. ನೇಪಾಳದ ಹುಮ್ಲಾದಂಥ ಗುಡ್ಡಗಾಡು ಜಿಲ್ಲೆಗಳಿಂದ ಕಠ್ಮಂಡುವಿಗೆ ಮಕ್ಕಳನ್ನು ತಂದದ್ದೂ ಹೀಗೆಯೇ.

ಹೈಟಿಯ ಪ್ರಕರಣ ನೆನಪಿರಬಹುದು. 2010ರ ಜನವರಿ ಭೂಕಂಪದ ನಂತರ ಹತ್ತು ಮಂದಿ ಅಮೆರಿಕನ್ನರು 33 ಮಕ್ಕಳನ್ನು ಡೊಮಿನಿಕನ್ ಗಣರಾಜ್ಯಕ್ಕೆ ಸಾಗಿಸಲು ಹೋಗಿ ಗಡಿಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಹೆಚ್ಚಿನವರು ಇಡಾಹೊದ ಬ್ಯಾಪ್ಟಿಸ್ಟ್ ಚರ್ಚ್‌ಗಳವರು. ಆಮೇಲೆ ಗೊತ್ತಾಯ್ತು, ಆ ಮಕ್ಕಳಲ್ಲಿ ಹಲವರಿಗೆ ತಂದೆತಾಯಿ ಇದ್ದರು. ಒಳ್ಳೆಯ ಶಾಲೆ ಸಿಗುತ್ತೆ ಅಂತ ಅವರೇ ಒಪ್ಪಿಸಿದ್ದರು.

ಈಗ ಜಗತ್ತು ಸ್ವಲ್ಪ ಎಚ್ಚೆತ್ತಿದೆ. ಆಸ್ಟ್ರೇಲಿಯಾದ ಸಂಸತ್ ಸಮಿತಿ 2017ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಚರ್ಚೆಯೊಳಗೇ ತಂದಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2019ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ನಿರ್ಣಯ, ಅನಾಥಾಲಯಗಳಲ್ಲಿನ ಸ್ವಯಂಸೇವೆಯಿಂದ ಆಗುವ ಹಾನಿಯನ್ನು ಹೆಸರಿಸಿಯೇ ಹೇಳಿತು.

‘ಮಕ್ಕಳು ಓಡಿಬಂದು ಅಪ್ಪಿಕೊಂಡರು’

ಹೋಗಿಬಂದವರೆಲ್ಲ ಹೇಳುವ ಮಾತು ಇದು. ಆದರೆ ನಮ್ಮ ಮನೆಯ ನಾಲ್ಕು ವರ್ಷದ ಮಗು ಗುರುತಿಲ್ಲದವರು ಬಂದರೆ ಏನು ಮಾಡುತ್ತೆ? ಅಮ್ಮನ ಸೆರಗಿನ ಹಿಂದೆ ಅಡಗುತ್ತೆ. ಕಂಡಕಂಡವರನ್ನು ತಬ್ಬಿಕೊಳ್ಳುವ ಮಗುವಿನಲ್ಲಿ ನಾವು ನೋಡ್ತಿರೋದು ಪ್ರೀತಿಯನ್ನಲ್ಲ, ಪ್ರೀತಿಯ ಕೊರತೆಯನ್ನು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ದಶಕದಿಂದ ನಡೆದ ಅಧ್ಯಯನ, ಸಂಸ್ಥೆಗಳಲ್ಲಿ ಬೆಳೆದ ಮಕ್ಕಳನ್ನೂ ಸಾಕು ಕುಟುಂಬಗಳಿಗೆ ಹೋದವರನ್ನೂ ಹೋಲಿಸಿ ಇದನ್ನು ತೋರಿಸಿದೆ. ಹತ್ತು ದಿನಕ್ಕೊಂದು ತಂಡ ಬಂದು ಪ್ರೀತಿ ತೋರಿಸಿ ವಿಮಾನ ಹತ್ತಿದರೆ, ಆ ಮಗುವನ್ನು ಪ್ರತೀ ಸಲ ಯಾರೋ ಬಿಟ್ಟುಹೋದಂತೆ.

ಇದು ಮತಾಂತರದ ಕಥೆಯಲ್ಲ

ಇಷ್ಟು ಓದಿ ‘ನೋಡಿ, ಮಿಷನರಿಗಳ ಬಂಡವಾಳ’ ಅನ್ನೋಕೆ ಕೆಲವರು ಕಾಯ್ತಿರ್ತಾರೆ. 2022ರ ಮತಾಂತರ ನಿಷೇಧ ಕಾಯ್ದೆ ನೋಡಿದ ರಾಜ್ಯ ನಮ್ಮದು. ಆ ಖುಷಿಯನ್ನು ನಾನು ಅವರಿಗೆ ಕೊಡಲಾರೆ. ಇಲ್ಲಿನ ಸಮಸ್ಯೆ ಶಿಲುಬೆಯದ್ದಲ್ಲ, ದಾನಿಯ ಸಂತೋಷಕ್ಕಾಗಿ ಮಗುವನ್ನು ಸಜ್ಜುಮಾಡಿ ಇಡುವ ವ್ಯವಸ್ಥೆಯದ್ದು. ಅದಕ್ಕೆ ಧರ್ಮದ ಹಂಗಿಲ್ಲ.

ನಮ್ಮನ್ನೇ ನೋಡಿಕೊಳ್ಳೋಣ. ಬೆಂಗಳೂರಿನಲ್ಲಿ ಬರ್ತ್‌ಡೇ ಅಂದರೆ ಆಶ್ರಮದಲ್ಲಿ ಕೇಕ್ ಕತ್ತರಿಸೋದು ಈಗ ವಾಡಿಕೆ. ರಾಜಕಾರಣಿ, ಸಿನಿಮಾ ಅಭಿಮಾನಿ ಸಂಘ, ಐಟಿ ಕಂಪನಿ, ಎಲ್ಲರೂ ಮಾಡ್ತಾರೆ. ಮಕ್ಕಳು ಸಾಲಾಗಿ ನಿಂತು ಹಾಡಬೇಕು, ಫೋಟೊ ಇನ್‌ಸ್ಟಾದಲ್ಲಿ ಬರಬೇಕು. ನಾನೂ ಕಾಲೇಜಿನಲ್ಲಿದ್ದಾಗ ಇಂಥ ಫೋಟೊ ಹಾಕಿದ್ದೆ. ಆ ಹುಡುಗಿಯ ಹೆಸರು ಈಗ ನೆನಪಿಲ್ಲ. ಅವಳ ಮುಖ ಮಾತ್ರ ವರ್ಷಗಟ್ಟಲೆ ನನ್ನ ಪ್ರೊಫೈಲ್‌ನಲ್ಲಿತ್ತು. ಪೋಷಣೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಹಿರಂಗಪಡಿಸುವುದು 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಅಪರಾಧ ಅಂತ ನನಗೆ ಗೊತ್ತಾದದ್ದು ತುಂಬಾ ತಡವಾಗಿ.

ಮಗುವನ್ನು ಸಂಸ್ಥೆಗೆ ಸೇರಿಸೋದು ಕೊನೆಯ ದಾರಿ ಆಗಿರಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ. ವಿಧವೆಯ ಮಗು ಮನೆಯಲ್ಲೇ ಬೆಳೆಯಲಿ ಅಂತ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ನಿಮ್ಮ ಬೀದಿಯ ಒಬ್ಬ ತಾಯಿಗೆ ಆ ಅರ್ಜಿ ಬರೆದುಕೊಡೋದು ಸೇವೆ. ಅದರಲ್ಲಿ ಫೋಟೊ ಬರಲ್ಲ, ಅಷ್ಟೇ.

ಗೆಳೆಯರ ಕುಟುಂಬದ ಖರ್ಚು 12 ಸಾವಿರ ಡಾಲರ್, ಅಂದರೆ ಹತ್ತು ಲಕ್ಷ ರೂಪಾಯಿ. ಈ 4,000ದ ಲೆಕ್ಕದಲ್ಲಿ ಇಪ್ಪತ್ತು ಮಕ್ಕಳನ್ನು ಒಂದು ವರ್ಷ ಅಮ್ಮನ ಜೊತೆಗೇ ಇಡಬಹುದು. ಈ ಯಾತ್ರೆಗಳಿಗೆ ಆಧಾರವಾಗಿ ಹೇಳುವ ಬೈಬಲ್‌ನ ಯಾಕೋಬನ ಪತ್ರ ಅನಾಥರ ಜೊತೆಗೇ ವಿಧವೆಯರನ್ನೂ ಹೆಸರಿಸುತ್ತದೆ. ಅನಾಥ ಮಗುವನ್ನು ನೋಡಲು ವಿಮಾನ ಹತ್ತುತ್ತೇವೆ. ಊರಲ್ಲಿ ಉಳಿದ ಆ ವಿಧವೆಯನ್ನು ನೋಡಲು ಯಾರು ಹೋಗ್ತಾರೆ?

ಇದನ್ನೇ ಅವರಿಗೆ ಬರೆದು, ಒಂದು ಪ್ರಶ್ನೆ ಸೇರಿಸಿದೆ: ‘ಅಲ್ಲಿರುವ ಮಕ್ಕಳಲ್ಲಿ ಎಷ್ಟು ಮಂದಿಗೆ ಅಮ್ಮ ಇದ್ದಾರೆ ಅಂತ ಸಂಸ್ಥೆಯವರನ್ನು ಕೇಳಿ.’ ಅವರಿಗೆ ಬೇಜಾರಾಯ್ತು. ಎರಡು ದಿನ ಉತ್ತರ ಇರಲಿಲ್ಲ. ಮೂರನೇ ದಿನ, ಕೇಳಿದ್ದೇನೆ ಅಂದರು. ಟಿಕೆಟ್ ಇನ್ನೂ ರದ್ದು ಮಾಡಿಲ್ಲ. ಸಂಸ್ಥೆಯಿಂದ ಉತ್ತರವೂ ಬಂದಿಲ್ಲ.